ಪ್ಲಿತ್ವಿತ್ಸೆ ಅಂತ ಬುಕ್ ಮಾಡಿದ ರೂಮು ರಾಕೊವಿತ್ಸಾದಲ್ಲಿದ್ದರೆ

ಕ್ರೊಯೇಶಿಯಾದ ಪ್ಲಿತ್ವಿತ್ಸೆ ಸರೋವರ ನೋಡಲು ಹೊರಟವರು ಬುಕಿಂಗ್ ಆ್ಯಪಿನಲ್ಲಿ ಅಗ್ಗದ ರೂಮು ಹುಡುಕಿದರೆ, ಸಿಗುವ ಎಷ್ಟೋ ರೂಮುಗಳು ಸರೋವರದ ಬಳಿ ಇರುವುದಿಲ್ಲ. ಉತ್ತರಕ್ಕಿರುವ ರಾಕೊವಿತ್ಸಾ ಎಂಬ ಸಣ್ಣ ಪಂಚಾಯ್ತಿಯ ಹಳ್ಳಿಗಳಲ್ಲಿ ಇರುತ್ತವೆ. ಹೆಸರಿನಲ್ಲಿ ಮಾತ್ರ ‘ಪ್ಲಿತ್ವಿತ್ಸೆ’ ಎಂದಿರುತ್ತದೆ. ಹಣ ಕಟ್ಟುವ ಮೊದಲು ಹಳ್ಳಿಯ ಹೆಸರು ಓದಿ, ಸರೋವರಗಳಿರುವ ರಾಷ್ಟ್ರೀಯ ಉದ್ಯಾನದ (ಪಾರ್ಕಿನ) 1ನೇ ಪ್ರವೇಶದ್ವಾರಕ್ಕೆ ರಸ್ತೆಯ ದೂರ ಅಳೆಯಿರಿ. ಆ್ಯಪ್ ತೋರಿಸುವುದು ಹಲವು ಸಲ ನೇರ ಗೆರೆಯ ದೂರ.

ಈ ಹಳ್ಳಿಗಳಲ್ಲಿ ಸೆಲಿಶ್ಟೆ ದ್ರೆಜ್ನಿಚ್ಕೊ ಎಲ್ಲಕ್ಕಿಂತ ಹತ್ತಿರ, ಸುಮಾರು 4 ಕಿ.ಮೀ. ಗ್ರಾಬೊವಾತ್ಸ್ ಅದರ ಎರಡರಷ್ಟು ದೂರ. ರಾಕೊವಿತ್ಸಾ ಊರು ಇನ್ನೂ ಮುಂದೆ. ನಾಲ್ಕು ಕಿ.ಮೀ. ತಾನೇ, ನಡೆದುಬಿಡೋಣ ಎನ್ನಬೇಡಿ. ಪಾರ್ಕಿಗೆ ಹೋಗುವ ಡಿ1 ಹೆದ್ದಾರಿಗೆ ಉದ್ದಕ್ಕೂ ಪಾದಚಾರಿ ದಾರಿ ಇಲ್ಲ, ಟ್ರಕ್ಕುಗಳು ಮೈಗೆ ತಾಗುವಷ್ಟು ಹತ್ತಿರ ಹೋಗುತ್ತವೆ, ಸಂಜೆ ಮೇಲೆ ಬೀದಿದೀಪವೂ ಇರುವುದಿಲ್ಲ. ಕಾರಿಲ್ಲದವರು ಹೆದ್ದಾರಿಯ ಬಸ್ ನಿಲ್ದಾಣಕ್ಕೆ ಅಂಟಿಕೊಂಡ ಮನೆಯನ್ನೇ ಹಿಡಿಯಬೇಕು. ಒಳಗಿನ ಹಳ್ಳಿಗಳು ಚೆಂದ, ಆದರೆ ಕಾರಿದ್ದವರಿಗೆ.

ಇನ್ನು ಬಸ್ಸು. ರಾಜಧಾನಿ ಜಾಗ್ರೆಬ್‌ನಿಂದ ಎರಡು, ಎರಡೂವರೆ ಗಂಟೆ. ಬರುವಾಗ ತೊಂದರೆಯಿಲ್ಲ, ಹೊರಡುವಾಗಲೇ ಕಷ್ಟ. ಇಲ್ಲಿ ಓಡುವುದು ದೂರದೂರಿನ ಬಸ್ಸುಗಳು. ಕರಾವಳಿಯ ಸ್ಪ್ಲಿಟ್, ಜಾದರ್ ಕಡೆಯಿಂದ ಬರುವ ಬಸ್ಸು ಬೇಸಿಗೆಯ ವಾಹನದಟ್ಟಣೆಯಲ್ಲಿ ತಾಸುಗಟ್ಟಲೆ ತಡವಾಗುವುದುಂಟು. ಸೀಟು ತುಂಬಿದ್ದರೆ ಹಳ್ಳಿಯಲ್ಲಿ ನಿಲ್ಲಿಸದೆಯೂ ಹೋಗುತ್ತದೆ. ಆದ್ದರಿಂದ ಟಿಕೆಟ್ ಮೊದಲೇ ತೆಗೆದುಕೊಳ್ಳಿ, ಅದರಲ್ಲಿ ನಿಮ್ಮ ಹಳ್ಳಿಯ ನಿಲ್ದಾಣದ ಹೆಸರಿದೆಯೇ ನೋಡಿಕೊಳ್ಳಿ, ಬಸ್ಸು ಕಂಡೊಡನೆ ಕೈ ಅಡ್ಡ ಮಾಡಿ. ಡಿಕ್ಕಿಯಲ್ಲಿ ಇಡುವ ಸೂಟ್‌ಕೇಸಿಗೆ ಡ್ರೈವರ್ ಕೈಗೆ ಬೇರೆ ದುಡ್ಡು ಕೊಡಬೇಕಾಗುತ್ತದೆ; ಒಂದೆರಡು ಯೂರೋ ಚಿಲ್ಲರೆ ಜೇಬಿನಲ್ಲಿರಲಿ.

ಇದು ಪಾರ್ಕಿನ ಟಿಕೆಟ್‌ಗೂ ತಾಗುತ್ತದೆ. ಆನ್‌ಲೈನ್ ಟಿಕೆಟ್‌ಗೆ ಒಳಹೋಗುವ ಗಂಟೆ ನಿಗದಿಯಾಗಿರುತ್ತದೆ, 2024ರ ಬೇಸಿಗೆಯಲ್ಲಿ ಬೆಲೆ 40 ಯೂರೋ ಇತ್ತು. ತಡವಾದ ಬಸ್ಸಿನಿಂದಾಗಿ ಅದನ್ನು ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ. ಹಿಂದಿನ ರಾತ್ರಿಯೇ ಹಳ್ಳಿಗೆ ಬಂದು, ಬೆಳಗಿನ ಮೊದಲ ಹೊತ್ತಿನ ಟಿಕೆಟ್ ತೆಗೆದು, ಮನೆಯವರು ಕಾರಿನಲ್ಲಿ ಬಿಟ್ಟುಬರುತ್ತಾರೆಯೇ ಎಂದು ಬುಕ್ ಮಾಡುವಾಗಲೇ ಬರೆದು ಕೇಳಿ. ಜುಲೈ, ಆಗಸ್ಟ್‌ನಲ್ಲಿ ಹತ್ತು ಗಂಟೆಯ ಮೇಲೆ ಮರದ ಹಲಗೆ ದಾರಿಯಲ್ಲಿ ಜಾತ್ರೆಯ ನೂಕುನುಗ್ಗಲು. ಸೆಪ್ಟೆಂಬರ್ ಕೊನೆಯ ವಾರಗಳೇ ವಾಸಿ.

ಊಟದ ವಿಷಯದಲ್ಲಿ ಮಾತ್ರ ಈ ಹಳ್ಳಿಗಳಿಗೆ ಪಾರ್ಕಿನ ಹೋಟೆಲುಗಳು ಸಾಟಿಯಲ್ಲ. ಮನೆಮಂದಿಯೇ ನಡೆಸುವ ಊಟದ ಮನೆಗಳಲ್ಲಿ ಸುಟ್ಟ ಕುರಿಮರಿ ಮಾಂಸ, ಟ್ರೌಟ್ ಮೀನು ಸಿಗುತ್ತವೆ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಲೀಕಾ ಸೀಮೆಯ ಆಲೂಗಡ್ಡೆಗೆ ದೊಡ್ಡ ಹೆಸರು.  ಅದರ ಜೊತೆಗೆ ಬಾಸಾ ಎಂಬ ಮೃದುವಾದ ಹುಳಿ ಚೀಸು, ಕಚ್ಚಿದರೆ ಕೀಚುಗುಟ್ಟುವ ಸ್ಕ್ರಿಪಾವಾತ್ಸ್ ಚೀಸು, ಕೆಂಪು ದೊಣ್ಣೆಮೆಣಸಿನ ಐವಾರ್ ಚಟ್ನಿ, ಬಿಸಿ ಬ್ರೆಡ್ಡು. ಎರಡನೇ ಸಲ ಕೇಳಿ ಹಾಕಿಸಿಕೊಳ್ಳುವಂಥ ಊಟ. ಉಶ್ಟಿಪ್ಸಿ ಎಂಬ ಕರಿದ ಹಿಟ್ಟಿನ ಉಂಡೆಗಳನ್ನು ಬಾಸಾದಲ್ಲಿ ಅದ್ದಿ ತಿನ್ನಿ. ಒಂದೇ ಎಚ್ಚರ: ಬೀನ್ಸ್ ಕಾಳಿನ ಸಾರು ‘ಗ್ರಾಹ್’ ನೋಡಲು ಸಾದಾ ಕಂಡರೂ ಸಾಮಾನ್ಯವಾಗಿ ಹೊಗೆಯಲ್ಲಿಟ್ಟ ಹಂದಿಮಾಂಸ ಹಾಕಿಯೇ ಕುದಿಸುತ್ತಾರೆ. ತುಂಡು ಎತ್ತಿಟ್ಟರೆ ಸಾಕು ಎಂದು ಅವರು ತಿಳಿಯುವುದುಂಟು. ‘ಬೆಜ್ ಮೆಸಾ’ (ಮಾಂಸ ಬೇಡ) ಎಂದು ಹೇಳಿ, ಕರಿಯುವುದು ಎಣ್ಣೆಯಲ್ಲೋ ಹಂದಿಕೊಬ್ಬಿನಲ್ಲೋ ಎಂದೂ ಕೇಳಿ. 2023ರ ಕಾನೂನಿನ ಪ್ರಕಾರ ಅಂಗಡಿಗಳು ವರ್ಷದಲ್ಲಿ 16 ಭಾನುವಾರ ಮಾತ್ರ ತೆರೆಯಬಹುದು. ಹಾಗಾಗಿ ಹಾಲು, ಬ್ರೆಡ್ಡು, ಹಣ್ಣು ಶನಿವಾರವೇ ತಂದಿಡಿ.

ಕೈಯಲ್ಲಿ ಅರ್ಧ ದಿನ ಉಳಿದರೆ ರಾಕೊವಿತ್ಸಾದಿಂದ ಪೂರ್ವಕ್ಕೆ, ನೋವಾ ಕ್ರ್‌ಶ್ಲ್ಯಾ ಹಳ್ಳಿಯ ಹತ್ತಿರದ ಬಾರಾಚ್ ಗುಹೆಗಳಿಗೆ ಹೋಗಿ. ಗೈಡ್ ಜೊತೆಗೇ ಒಳಗೆ ಹೋಗಬೇಕು. ಆಗಸ್ಟ್‌ನಲ್ಲೂ ಒಳಗಿನ ಉಷ್ಣತೆ 9 ಡಿಗ್ರಿಯ ಆಸುಪಾಸು. ಸ್ವೆಟರ್ ಬೇಕೇ ಬೇಕು, ಚಪ್ಪಲಿ ಜಾರುತ್ತದೆ. ದ್ರೆಜ್ನಿಕ್ ಗ್ರಾದ್‌ನ ಪಾಳು ಕೋಟೆಯಿಂದ ಕೆಳಗೆ ಕೊರಾನಾ ನದಿಯ ಕಮರಿ ಕಾಣುತ್ತದೆ. ಸಂಜೆ ಹೊತ್ತು ಅಲ್ಲಿ ಜನವೇ ಇರುವುದಿಲ್ಲ. ಆದರೆ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕಾದ್ದರಿಂದ ಬಸ್ಸು ನಂಬಿ ಬಂದವರು ಮನೆಯವರ ಕಾರನ್ನೋ ಬಾಡಿಗೆ ಸೈಕಲ್ಲನ್ನೋ ಮೊದಲೇ ಗೊತ್ತುಮಾಡಿಕೊಳ್ಳಬೇಕು.