ಜೂನೊ-106: ಕೋರಸ್ ಆಫ್ ಮಾಡಿ ಕೇಳಬೇಕು

ರೋಲ್ಯಾಂಡ್ ಕಂಪನಿಯ ಹಳೆಯ ಸಿಂಥಸೈಜರ್ ಕೀಬೋರ್ಡ್ ಜೂನೊ-106ನ ಸೌಂಡು ಸಖತ್ತಾಗಿದೆ ಅಂತ ಯಾರಾದರೂ ಹೇಳಿದರೆ, ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಕೋರಸ್ ಆನ್ ಇತ್ತೋ, ಆಫ್ ಇತ್ತೋ? ಒಂದೇ ಸ್ವರವನ್ನು ಹಲವು ಸೇರಿ ನುಡಿದಂತೆ ಅಗಲವಾಗಿಸುವ ಈ ಎಫೆಕ್ಟ್ ಎಂಥ ದೋಷವನ್ನಾದರೂ ಮುಚ್ಚಿಬಿಡುತ್ತದೆ.

ಮದ್ದೂರು ಕಡೆಯ ಆರ್ಕೆಸ್ಟ್ರಾ ಹುಡುಗನೊಬ್ಬ ಕೊಳ್ಳಲು ನೋಡುತ್ತಿದ್ದ ಒಂದು ಜೂನೊ ಮೈಸೂರಿನ ಸರಸ್ವತಿಪುರಂನ ಒಂದು ಮಹಡಿ ಕೋಣೆಗೆ ಪರೀಕ್ಷೆಗೆಂದು ಬಂದದ್ದು ಭಾನುವಾರ ಬೆಳಗ್ಗೆ. ‘ಫುಲ್ ಸರ್ವಿಸ್ ಆಗಿದೆ’ ಅಂತ ಮಾರುವವರು ಹೇಳಿ ಕಳಿಸಿದ್ದರು. ಹುಡುಗನಿಗೋ ಪ್ಲಗ್ ಚುಚ್ಚುವ ಆತುರ. ಹಿಂಬದಿಯ ಲೇಬಲ್ ನೋಡಿದರೆ 100 ವೋಲ್ಟ್, ಅಂದರೆ ಜಪಾನ್ ಮಾಡೆಲ್. ನಮ್ಮ 230ಕ್ಕೆ ನೇರ ಹಾಕಿದರೆ ಫ್ಯೂಸ್ ಹಾರುವುದು ಅದೃಷ್ಟ ಚೆನ್ನಾಗಿದ್ದಾಗ. ಇಲ್ಲದಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರೇ ಹೋಗುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 110ರದ್ದು. ಅದರಲ್ಲೂ ನಡೆಯುತ್ತದೆ, ಆದರೆ ಒಳಗೆ ವೋಲ್ಟೇಜ್ ಸ್ಥಿರವಾಗಿಡುವ ರೆಗ್ಯುಲೇಟರ್‌ಗಳು ಹೆಚ್ಚು ಬಿಸಿಯಾಗುತ್ತವೆ. ಸ್ಟೆಪ್‌ಡೌನ್ ಅಂದರೆ ಸ್ಟೆಬಿಲೈಜರ್ ಅಲ್ಲ ಎನ್ನುವುದೂ ನೆನಪಿರಲಿ: ಲೈನ್ ಏರಿದರೆ ಇದರ ಔಟ್‌ಪುಟ್ಟೂ ಅದೇ ಅನುಪಾತದಲ್ಲಿ ಏರುತ್ತದೆ.

ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಿಡಿದು ಪವರ್ ಹಾಕಿದರೆ ಟೆಸ್ಟ್ ಮೋಡ್ ತೆರೆಯುತ್ತದೆ. ಆಗ ಕೀ ಒತ್ತಿದಂತೆಲ್ಲ, ಒಂದೊಂದು ಸ್ವರ ನುಡಿಸುವ ಸರ್ಕ್ಯೂಟ್‌ಗಳಾದ ಆರು ವಾಯ್ಸ್‌ಗಳಲ್ಲಿ ಯಾವುದು ನುಡಿಯುತ್ತಿದೆ ಎಂಬ ನಂಬರ್ ಡಿಸ್‌ಪ್ಲೇಯಲ್ಲಿ ಬರುತ್ತದೆ. ಕಿವಿಗೆ ಕೆಲಸ ಇಲ್ಲಿದೆ. ಆರೂ ಒಂದೇ ಜೋರಿನಲ್ಲಿವೆಯೇ? ಕೀ ಬಿಟ್ಟ ಮೇಲೂ ಯಾವುದಾದರೂ ಸಣ್ಣಗೆ ಉಳಿಯುತ್ತದೆಯೇ? ಚರಚರ ಎನ್ನುತ್ತದೆಯೇ? ಈ ಮೂರಕ್ಕೂ ಸಾಮಾನ್ಯ ಕಾರಣ 80017ಎ ಚಿಪ್. ವಾಯ್ಸ್‌ಗೊಂದರಂತೆ ಆರಿವೆ, ಸೌಂಡಿನ ಮೊನಚನ್ನು ಕತ್ತರಿಸುವ ಫಿಲ್ಟರ್ ಮತ್ತು ವಾಲ್ಯೂಮ್ ಎರಡನ್ನೂ ನೋಡಿಕೊಳ್ಳುವುದು ಇವೇ. 1984ರಲ್ಲಿ ಬಂದ ಈ ವಾದ್ಯಕ್ಕೆ ವಯಸ್ಸಾದಂತೆ ಚಿಪ್ಪಿನ ಮೇಲಿನ ಕಪ್ಪು ಲೇಪ ಕೆಟ್ಟು, ಒಳಗೊಳಗೇ ಕರೆಂಟ್ ಸೋರತೊಡಗುತ್ತದೆ. ಚಿಪ್ ಬಿಚ್ಚಿ, ಅಸಿಟೋನಿನಲ್ಲಿ ನೆನೆಸಿ ಲೇಪ ತೆಗೆಯುವವರಿದ್ದಾರೆ. ಹೊಸದಾಗಿ ತಯಾರಾದ ಬದಲಿ ಚಿಪ್ ಹಾಕುವುದೇ ನೆಮ್ಮದಿ. ಈ ಜೂನೊದಲ್ಲಿ ಆರನ್ನೂ ಯಾರೋ ಆಗಲೇ ಬದಲಿಸಿದ್ದರು, ಬೆಸುಗೆಯೂ ಅಚ್ಚುಕಟ್ಟಾಗಿತ್ತು (ಇದು ಮಧ್ಯಾಹ್ನ ಬಿಚ್ಚಿದಾಗ ಕಂಡದ್ದು). ಫಿಲ್ಟರ್ ಕತ್ತರಿಸುವ ಜಾಗವನ್ನು ಎತ್ತಿ ಕೇಳಿಸುವ ರೆಸೊನೆನ್ಸ್ ಪೂರ್ತಿ ಏರಿಸಿದಾಗ ಫಿಲ್ಟರ್ ತಾನೇ ಸಿಳ್ಳೆ ಹಾಕುತ್ತದಲ್ಲ, ಐದು ವಾಯ್ಸ್ ಒಂದೇ ಶ್ರುತಿಯಲ್ಲಿದ್ದವು, ನಾಲ್ಕನೆಯದು ತುಸು ಇಳಿದಿತ್ತು. ಬೋರ್ಡಿನ ಮೇಲೆ ಹೊಂದಿಸಲೆಂದಿರುವ ಪುಟ್ಟ ತಿರುಪು ಟ್ರಿಮ್‌ಪಾಟ್ ತಿರುಗಿಸಿದರೆ ಸರಿಹೋಗುವ ವ್ಯತ್ಯಾಸ ಅದು.

ಒಂದು ಸೂಕ್ಷ್ಮ: ಯಾವಾಗಲೂ ಅದೇ ಕೀ ನುಡಿಯದಿದ್ದರೆ ತಪ್ಪು ಕೀಯ ಕಾಂಟ್ಯಾಕ್ಟ್‌ನದು. ಯಾವ ಕೀ ಒತ್ತಿದರೂ ಅದೇ ನಂಬರ್ ಬಂದಾಗ ಮಾತ್ರ ಮೌನವಾದರೆ ತಪ್ಪು ವಾಯ್ಸ್‌ನದು. ಈ ಭೇದ ತಿಳಿಯದೆ ಚಿಪ್ ತರಿಸಿ ದುಡ್ಡು ಸುಟ್ಟುಕೊಳ್ಳುವವರು ಬಹಳ.

ಇಷ್ಟೆಲ್ಲ ಆದ ಮೇಲೆ ಕೋರಸ್ I ಒತ್ತಿದ್ದು. ಹುಡುಗ ಒಂದು ಕಾರ್ಡ್ ಹಿಡಿದವನೇ, “ಇದು ಕಣಣ್ಣ ಸೌಂಡು ಅಂದ್ರೆ!” ಅಂದ. ನಿಜವೇ. ವಾಯ್ಸ್‌ಗೆ ಇರುವುದು ಒಂದೇ ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಭಾಗ. ಹಳೆಯ ಮಿನಿಮೂಗ್ ಸಿಂಥ್‌ನ ಮೂರರ ಮುಂದೆ ಬಡಪಾಯಿ. ಆ ಬಡತನ ಕಾಣದಂತೆ ಮಾಡುವುದು ಒಂದು ಆಕ್ಟೇವ್ ಕೆಳಗೆ ನುಡಿಯುವ ಸಬ್ ಆಸಿಲೇಟರ್ ಮತ್ತು ಈ ಕೋರಸ್. ಹಿನ್ನೆಲೆಯಲ್ಲಿ ಬರುವ ಸುಯ್ ಎಂಬ ಶಬ್ದ ರಿಪೇರಿಯ ವಿಷಯವಲ್ಲ, ಕೋರಸ್‌ನ ಸೌಂಡನ್ನು ತುಸು ತಡಮಾಡುವ ಬಿಬಿಡಿ ಚಿಪ್ಪಿನ ಗುಣವೇ ಅದು. ಔಟ್‌ಪುಟ್ ಮಾತ್ರ ಎಡ ಬಲ ಎರಡೂ ತೆಗೆಯಬೇಕು. ಮಿಕ್ಸರ್‌ನವರು ‘ಒಂದೇ ಲೈನ್ ಸಾಕು ಸಾರ್’ ಅಂದರೆ ಒಪ್ಪಬಾರದು. ಸೌಂಡಿನ ಅಗಲವೆಲ್ಲ ಅಲ್ಲೇ ಹೋಗುತ್ತದೆ.

ಆಸಿಲೇಟರ್ ಡಿಜಿಟಲ್ ಕ್ಲಾಕ್ ಹಿಡಿತದಲ್ಲಿರುವುದರಿಂದ ಶ್ರುತಿ ಜಾರುವುದಿಲ್ಲ. ಮಂಡ್ಯ ಕಡೆಯ ಪೌರಾಣಿಕ ನಾಟಕಗಳಿಗೆ ನುಡಿಸುವವರಿಗೆ ಇದು ಸಣ್ಣ ವಿಷಯವಲ್ಲ. ಹಾರ್ಮೋನಿಯಂ ಮೇಷ್ಟ್ರ ರೀಡನ್ನು ರಂಗದ ಮೇಲೆ ತಿದ್ದಲಾಗದು, ಹೊಂದಿಕೊಳ್ಳಬೇಕಾದದ್ದು ಕೀಬೋರ್ಡೇ. ಟ್ಯೂನ್ ನಾಬ್‌ನಿಂದ ಒಮ್ಮೆ ಹೊಂದಿಸಿದರೆ ಬೆಳಗಿನ ಜಾವದ ಮಂಗಳದವರೆಗೆ ಅಲ್ಲೇ ಇರುತ್ತದೆ. ಒತ್ತಿ ನುಡಿಸಿದರೆ ಜೋರು, ಮೆಲ್ಲಗೆ ನುಡಿಸಿದರೆ ಮೆತ್ತಗೆ ಎನ್ನುವುದು ಮಾತ್ರ ಇದರಲ್ಲಿಲ್ಲ.

ಮಧ್ಯಾಹ್ನ ಪಕ್ಕದ ಸ್ಕ್ರೂ ತೆಗೆದು ಮೇಲಿನ ಫಲಕ ಎತ್ತಿದಾಗ ‘ಫುಲ್ ಸರ್ವಿಸ್’ನ ಬಣ್ಣ ಬಯಲಾಯಿತು. ಸ್ಲೈಡರ್‌ಗಳ ಸೀಳಿನೊಳಗೆ ಕುಂಕುಮ! ಆಯುಧಪೂಜೆಗೆ ಇಟ್ಟದ್ದು, ಊದಿನಕಡ್ಡಿ ಬೂದಿಯ ಜೊತೆ ಬೆರೆತು ಗಟ್ಟಿಯಾಗಿ ಕೂತಿತ್ತು. ಫಿಲ್ಟರ್ ಎಲ್ಲಿಂದ ಕತ್ತರಿಸಬೇಕೆಂದು ಹೇಳುವ ಕಟ್ಆಫ್ ಸ್ಲೈಡರ್ ಸರಿಸುವಾಗ ಫಿಲ್ಟರ್ ನುಣ್ಣಗೆ ಏರದೆ ತಟ್ಟನೆ ಜಿಗಿಯುತ್ತಿದ್ದುದು ಇದಕ್ಕೇ. (ಪೂಜೆ ಬೇಡ ಅನ್ನುತ್ತಿಲ್ಲ, ಕುಂಕುಮ ಕೇಸಿನ ಮುಚ್ಚಳಕ್ಕಿಡಿ.) ಒಣ ಬ್ರಷ್ ಆಡಿಸಿ, ಬ್ಲೋಯರ್ ಹಿಡಿದು, ಆಮೇಲೆ ಫೇಡರ್‌ಗೆಂದೇ ಬರುವ ಕ್ಲೀನರ್ ಒಂದೊಂದು ಹನಿ. ತುಕ್ಕು ಬಿಡಿಸುವ ಮಾಮೂಲಿ ಸ್ಪ್ರೇ ಹೊಡೆದರೆ ಸ್ಲೈಡರಿನ ಗ್ರೀಸ್ ಕರಗಿ ಹೋಗುತ್ತದೆ, ಆಮೇಲೆ ಧೂಳು ಇನ್ನೂ ಬೇಗ ಹಿಡಿಯುತ್ತದೆ. ಕೀಗಳಡಿಯ ರಬ್ಬರ್ ಕಾಂಟ್ಯಾಕ್ಟ್ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಕಡ್ಡಿಯಿಂದ ಒರೆಸಿದರೆ ಸಾಕು. ಉಜ್ಜಿದರೆ ಕಾರ್ಬನ್ ಎದ್ದು ಬರುತ್ತದೆ.

ಮೆಮೊರಿಯ ಸಿಆರ್2032 ಬ್ಯಾಟರಿ ಇನ್ನೂ ಹಳೆಯದೇ, ಬೋರ್ಡಿಗೆ ಬೆಸೆದದ್ದು. ಅದನ್ನು ಕೀಳುವ ಮೊದಲು ಉಳಿಸಿಟ್ಟ ಸೌಂಡುಗಳಾದ 128 ಪ್ಯಾಚ್‌ಗಳನ್ನು ಟೇಪ್ ಸಾಕೆಟ್‌ನಿಂದ ರೆಕಾರ್ಡ್ ಮಾಡಿಕೊಳ್ಳಬೇಕು. ಹೊಸ ಸೆಲ್‌ಗೆ ನೇರ ಬೆಸುಗೆ ಬೇಡ. ಹೋಲ್ಡರ್ ಹಾಕಿದರೆ ಮುಂದಿನ ಸಲ ಬೆಸುಗೆ ಕಡ್ಡಿ ಹಿಡಿಯುವ ಕೆಲಸವೇ ಇಲ್ಲ.

ಪಕ್ಕಕ್ಕೆ ಬೀಟೆ ಮರದ ಹಲಗೆ ಹಾಕಿಸಿದರೆ ಸೌಂಡು ಸುಧಾರಿಸುತ್ತದಾ ಅಂತ ಹುಡುಗ ಕೇಳಿದ. ಮೈಸೂರಿನಲ್ಲಿ ಆ ಕೆಲಸ ಮಾಡುವ ಕೈಗಳಿಗೆ ಬರವಿಲ್ಲ, ಚೆಂದವೂ ಕಾಣುತ್ತದೆ. ಆದರೆ ಇದು ವೀಣೆಯಲ್ಲ, ಮರ ನುಡಿಯುವುದಿಲ್ಲ. ಆ ದುಡ್ಡಿನಲ್ಲಿ ಕಟ್ಆಫ್ ಸ್ಲೈಡರ್ ಹೊಸದು ಹಾಕಿಸು ಅಂದದ್ದಾಯಿತು.

“ತಗೊಳ್ಳಲಾ ಅಣ್ಣ?” ತಗೊಳ್ಳಬಹುದು, ಸ್ಲೈಡರ್, ಬ್ಯಾಟರಿ, ಟ್ರಿಮ್ಮಿಂಗ್ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು. ಸ್ಟುಡಿಯೊದಲ್ಲಿದ್ದರೆ ಚಿಂತೆಯಿಲ್ಲ. ಹಳ್ಳಿ ಸ್ಟೇಜಿಗೆ ಒಯ್ಯುವುದಾದರೆ ಜನರೇಟರ್ ಮತ್ತು ಸ್ಟೆಪ್‌ಡೌನ್ ನಡುವೆ ಸರ್ವೊ ಸ್ಟೆಬಿಲೈಜರ್ ಇರಲಿ, ಸೀರಿಯಲ್ ಸೆಟ್ ಲೈಟಿನವರ ಬೋರ್ಡಿನಿಂದ ಮಾತ್ರ ಕರೆಂಟ್ ತೆಗೆಯಬಾರದು.