ಮೊದಲ ಸುತ್ತು ಸಾವಕಾಶ

ನಸುಕಿನ ಐದಕ್ಕೆ ಧಾರವಾಡದ ಸಪ್ತಾಪುರದಲ್ಲಿ ಎರಡು ಥರದ ಹುಡುಗರು ಕಾಣುತ್ತಾರೆ. ಲೈಬ್ರರಿಯಿಂದ ಖೋಲಿಗೆ ಮಲಗಲು ಹೊರಟವರು ಒಂದು ಥರ, ಬೂಟು ಕಟ್ಟಿಕೊಂಡು ಗ್ರೌಂಡಿಗೆ ಹೊರಟವರು ಇನ್ನೊಂದು ಥರ. ತೊಂದರೆ ಏನೆಂದರೆ, ಎಷ್ಟೋ ಸಲ ಇಬ್ಬರೂ ಒಬ್ಬನೇ. ರಾತ್ರಿ ಒಂದರ ತನಕ ಓದಿ ಐದಕ್ಕೆ ಓಡಲು ಬಂದವನಿಗೆ ತರಬೇತಿ ಕೊಡುವುದು ನಮ್ಮ ಕೆಲಸ. ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರು ಮಾಡುವವರ ದಿನ ಶುರುವಾಗುವುದೇ ಇಲ್ಲಿಂದ.

ಗುರಿ ಅಂಕಿಯಲ್ಲಿ ಸಣ್ಣದು. ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರು 1600 ಮೀಟರನ್ನು, ಅಂದರೆ ಟ್ರ್ಯಾಕಿನ ನಾಲ್ಕು ಸುತ್ತನ್ನು, 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಉದ್ದ ಜಿಗಿತ 3.80 ಮೀಟರ್ ಅಥವಾ ಎತ್ತರ ಜಿಗಿತ 1.20 ಮೀಟರ್. 7.26 ಕೆಜಿ ಗುಂಡನ್ನು 5.60 ಮೀಟರ್ ಎಸೆಯಬೇಕು. ಹೆಣ್ಣುಮಕ್ಕಳಿಗೆ 400 ಮೀಟರ್ ಓಟ 2 ನಿಮಿಷದೊಳಗೆ, 4 ಕೆಜಿ ಗುಂಡು 3.75 ಮೀಟರ್. ಇಷ್ಟೇ. ಆದರೆ ವರ್ಷಗಟ್ಟಲೆ ಓದಿದ್ದು, ಮನೆಯವರು ಹೊಲದ ದುಡ್ಡಿನಲ್ಲಿ ಖೋಲಿ ಬಾಡಿಗೆ ಕಟ್ಟಿದ್ದು, ಎಲ್ಲವೂ ಆ ನಾಲ್ಕು ಸುತ್ತಿಗೆ ಬಂದು ನಿಲ್ಲುತ್ತದೆ. (ಅಧಿಸೂಚನೆ ಬಂದಾಗ ಅದರಲ್ಲಿರುವ ಅಂಕಿಯನ್ನೇ ನಂಬಬೇಕು, ಸೀನಿಯರ್ ಹೇಳಿದ್ದನ್ನಲ್ಲ.)

ಮೊದಲ ದಿನ ಓಡಿಸುವುದಕ್ಕಿಂತ ಮೊದಲು ಎತ್ತರ ಅಳೆಯಬೇಕು. ಗಂಡಸರಿಗೆ 168 ಸೆಂ.ಮೀ., ಎದೆ 86, ಉಸಿರು ತುಂಬಿದಾಗ ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. 166 ಇದ್ದವನನ್ನು ಆರು ತಿಂಗಳು ಓಡಿಸಿ ಫೀ ತೆಗೆದುಕೊಳ್ಳುವುದು ಮೋಸ, ಬೇರೆ ಹೆಸರಿಲ್ಲ. 168ರ ಅಂಚಿನಲ್ಲಿರುವವನಿಗೆ ಇನ್ನೊಂದು ಮಾತು ಗೊತ್ತಿರಬೇಕು. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ದಿನವಿಡೀ ಒತ್ತಿ ಒತ್ತಿ, ಸಂಜೆಯ ಹೊತ್ತಿಗೆ ಎತ್ತರ ಒಂದು ಸೆಂಟಿಮೀಟರಿನಷ್ಟು ಇಳಿದಿರುತ್ತದೆ. ಅಂಥವನು ಅಳತೆಯ ದಿನ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರಬಾರದು. ಹಿಂದಿನ ದಿನವೇ ಊರು ಸೇರಿ ಕಾಲು ಚಾಚಿ ಮಲಗಬೇಕು.

ಆಮೇಲೆ ಓಟ. ಆರ್.ಎನ್. ಶೆಟ್ಟಿ ಸ್ಟೇಡಿಯಂನಂಥ 400 ಮೀಟರ್ ಟ್ರ್ಯಾಕಿನಲ್ಲಿ ಹೊಸಬನಿಗೆ ಏನೂ ಹೇಳದೆ ನಾಲ್ಕು ಸುತ್ತು ಓಡಲು ಬಿಡಿ, ಪ್ರತಿ ಸುತ್ತಿನ ಸಮಯ ಬರೆದುಕೊಳ್ಳಿ. ಬರುವ ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತದೆ: 82, 108, 121, 114. ಒಟ್ಟು 425 ಸೆಕೆಂಡ್, ಅಂದರೆ 7 ನಿಮಿಷ 5 ಸೆಕೆಂಡ್. 'ಎಷ್ಟು ಕಡಿಮೆ ಬಿತ್ರೀ ಸರ್?' ಎಂದು ಕೇಳುತ್ತಾನೆ. 35 ಸೆಕೆಂಡ್ ಎಂದು ಹೇಳಿದರೆ ಹೆದರಿಕೊಂಡು ನಾಳೆಯಿಂದ ಇನ್ನೂ ಜೋರು ಓಡುತ್ತಾನೆ. ತೋರಿಸಬೇಕಾದದ್ದು ಮೊದಲನೆಯ ಅಂಕಿ, 82. ಅವನಿಗೆ ಬೇಕಾಗಿರುವುದು ಸುತ್ತಿಗೆ 97ರ ಆಸುಪಾಸು. ಮೊದಲ ಸುತ್ತಿನಲ್ಲಿ 15 ಸೆಕೆಂಡ್ ಮುಂಗಡ ತೆಗೆದುಕೊಂಡಿದ್ದಾನೆ, ಎರಡನೆಯ ಮತ್ತು ಮೂರನೆಯ ಸುತ್ತು ಬಡ್ಡಿ ಸಮೇತ ವಸೂಲಿ ಮಾಡಿವೆ. ಅಷ್ಟು ಜೋರಾಗಿ ಎದ್ದಾಗ ಉಸಿರಿನ ಆಮ್ಲಜನಕ ಸಾಲದೆ ಸ್ನಾಯು ಬೇರೆ ದಾರಿಯಿಂದ ಶಕ್ತಿ ಮಾಡಿಕೊಳ್ಳುತ್ತದೆ. 600 ಮೀಟರಿನ ಹೊತ್ತಿಗೆ ತೊಡೆ ಕಲ್ಲಾಗುತ್ತದೆ, ದಮ್ಮು ಹತ್ತುತ್ತದೆ. ಅದೇ ಹುಡುಗ ಅದೇ ತಾಕತ್ತಿನಲ್ಲಿ ನಾಲ್ಕೂ ಸುತ್ತನ್ನು ಸಮವಾಗಿ ಹಂಚಿ ಓಡಿದರೆ ಒಂದು ಹತ್ತು ಸೆಕೆಂಡ್ ಬಹಳ ಸಲ ಪುಕ್ಕಟೆ ಸಿಗುತ್ತದೆ.

ಓಡುವವನಿಗೆ ಇದು ತಾನಾಗಿ ಕಾಣುವುದಿಲ್ಲ. ಅವನಿಗೆ ನೆನಪಿರುವುದು ಕೊನೆಯ ಸುತ್ತಿನ ನೋವು. ಹಾಗಾಗಿ ಒಬ್ಬನೇ ಅಭ್ಯಾಸ ಮಾಡುವವನು ಕೊನೆಯ ಸುತ್ತನ್ನೇ ರಿಪೇರಿ ಮಾಡಲು ಹೋಗುತ್ತಾನೆ. ಕೋಚ್ ಬೇಕಾಗುವುದು ಇಲ್ಲಿ. ಈ ಕೆಲಸದಲ್ಲಿ ಮುಕ್ಕಾಲು ಪಾಲು ತಡೆಯುವುದೇ. 'ಓಡು, ಓಡು' ಎಂದು ಸೀಟಿ ಊದುವವರು ಪ್ರತಿ ಗ್ರೌಂಡಿನಲ್ಲೂ ಸಿಗುತ್ತಾರೆ. ಜೋಶಿನಲ್ಲಿ ಇರುವವನಿಗೆ 'ಸಾವಕಾಶ' ಎಂದು ಹೇಳಿ ಒಪ್ಪಿಸುವವರು ಕಡಿಮೆ.

1954ರ ಮೇ 6ರಂದು ಬ್ರಿಟನ್ನಿನ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು, ಅಂದರೆ 1609 ಮೀಟರನ್ನು, 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ, ನಾಲ್ಕು ನಿಮಿಷದೊಳಗೆ ಮೈಲಿ ಮುಗಿಸಿದ ಮೊದಲಿಗನಾದದ್ದು ಎಲ್ಲರಿಗೂ ಗೊತ್ತು. ಮೊದಲ ಸುತ್ತಿನಲ್ಲಿ ಮುಂದೆ ಓಡುತ್ತಿದ್ದ ಗೆಳೆಯ ಕ್ರಿಸ್ ಬ್ರೇಷರ್‌ಗೆ ಬ್ಯಾನಿಸ್ಟರ್ 'ಇನ್ನೂ ಜೋರು' ಎಂದು ಕೂಗಿದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ಬ್ರೇಷರ್ ಕಿವಿಗೊಡಲಿಲ್ಲ, ತನ್ನ ವೇಗದಲ್ಲೇ ಓಡಿದ. ಆ ಸುತ್ತು 57.5 ಸೆಕೆಂಡಿಗೆ ಮುಗಿದಿತ್ತು, ಬೇಕಾದ್ದಕ್ಕಿಂತ ಆಗಲೇ ಜೋರು. ಅಷ್ಟು ದೊಡ್ಡ ಓಟಗಾರನಿಗೇ ಮೊದಲ ಸುತ್ತಿನಲ್ಲಿ ತನ್ನ ವೇಗದ ಅಂದಾಜು ಸಿಗಲಿಲ್ಲ ಅಂದಮೇಲೆ ರೋಣದಿಂದಲೋ ನವಲಗುಂದದಿಂದಲೋ ಬಂದ ಹುಡುಗನನ್ನು ಬೈದು ಏನು ಪ್ರಯೋಜನ? ಆ ಕಥೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಬ್ಯಾನಿಸ್ಟರ್ 440 ಗಜದ, ಅಂದರೆ ಒಂದೊಂದು ಸುತ್ತಿನ, ಹತ್ತು ಓಟಗಳ ಅಭ್ಯಾಸದಲ್ಲಿ 61 ಸೆಕೆಂಡಿಗೆ ಬಂದು ಸಿಕ್ಕಿಹಾಕಿಕೊಂಡಿದ್ದ. ಓಟ ಬಿಟ್ಟು ಕೆಲವು ದಿನ ಸ್ಕಾಟ್ಲೆಂಡಿಗೆ ಬೆಟ್ಟ ಹತ್ತಲು ಹೋದ. ತಿರುಗಿ ಬಂದಾಗ 59 ಬಂತು. ಸಿಕ್ಕಿಬಿದ್ದಾಗ ಇನ್ನಷ್ಟು ತಿಕ್ಕುವ ನಮ್ಮ ಕಡೆಯ ಅಭ್ಯಾಸಕ್ಕೆ ಇದು ಉತ್ತರ.

ಯೋಜನೆ 16 ವಾರದ್ದು. ಮೊದಲ ನಾಲ್ಕು ವಾರ ಸ್ಟಾಪ್‌ವಾಚ್ ಚೀಲದಲ್ಲೇ ಇರಲಿ. ವಾರಕ್ಕೆ ನಾಲ್ಕು ದಿನ 25ರಿಂದ 35 ನಿಮಿಷ, ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡುತ್ತಾ ಓಡುವ ವೇಗ, ಕಿಲೋಮೀಟರಿಗೆ 7 ನಿಮಿಷದ ಸುಮಾರು. ಹುಡುಗರಿಗೆ ಇದು ಅವಮಾನದಂತೆ ಕಾಣುತ್ತದೆ. ಬೆಳಗಿನ ವಾಕಿಂಗಿಗೆ ಬಂದ ಅಜ್ಜಂದಿರು ನೋಡಿ ನಗುತ್ತಾರೆ ಎಂಬ ಚಿಂತೆ. ಐದನೆಯ ವಾರದಿಂದ ವಾರಕ್ಕೆ ಎರಡೇ ದಿನ ಬಿರುಸಿನ ಕೆಲಸ: ಒಂದು ದಿನ 400 ಮೀಟರಿನ 6 ಓಟ, ತಲಾ 97 ಸೆಕೆಂಡ್, ನಡುವೆ 2 ನಿಮಿಷ ನಡಿಗೆ, ಇನ್ನೊಂದು ದಿನ 800 ಮೀಟರಿನ 3 ಓಟ, ನಡುವೆ 3 ನಿಮಿಷ. ಹತ್ತನೆಯ ವಾರದ ಹೊತ್ತಿಗೆ 6 ಹೋಗಿ 8 ಆಗುತ್ತದೆ, 97 ಇಳಿದು 95 ಆಗುತ್ತದೆ. ಒಬ್ಬ 97 ಹೇಳಿದಾಗ 88ಕ್ಕೆ ಓಡಿ ಬಂದರೆ ಶಾಬಾಶ್ ಅನ್ನಬಾರದು; ಆ ಓಟ ಲೆಕ್ಕಕ್ಕಿಲ್ಲ ಎಂದು ಎದುರಿಗೇ ಗೀಟು ಹೊಡೆಯಬೇಕು. ಪ್ರತಿ ನಾಲ್ಕನೆಯ ವಾರ ಓಟದ ಒಟ್ಟು ಪ್ರಮಾಣ ಮೂರನೇ ಒಂದು ಭಾಗ ಇಳಿಸಿ, ಅದೇ ವಾರದ ಕೊನೆಗೆ ಪೂರ್ತಿ 1600ರ ಪರೀಕ್ಷೆ.

97 ಬದಲು 95 ಏಕೆ? ಪರೀಕ್ಷೆಯಲ್ಲಿ ಗುಂಪಾಗಿ ಓಡಿಸುತ್ತಾರೆ, ಒಳಗಿನ ಗೆರೆ ಎಲ್ಲರಿಗೂ ಸಿಗುವುದಿಲ್ಲ. ಒಳಗೆರೆಯಿಂದ ಒಂದು ಮೀಟರ್ ಆಚೆ ಓಡಿದರೆ ಸುತ್ತಿಗೆ 6.28 ಮೀಟರ್ ಹೆಚ್ಚು, ನಾಲ್ಕು ಸುತ್ತಿಗೆ 25 ಮೀಟರ್. ಈ ವೇಗದಲ್ಲಿ ಅದು 6 ಸೆಕೆಂಡ್. ತಿರುವಿನಲ್ಲಿ ಯಾರನ್ನೋ ದಾಟಲು ಹೊರಗೆ ಹೋಗುವುದಕ್ಕಿಂತ ನೇರ ದಾರಿ ಬರುವ ತನಕ ಹಿಂದೆಯೇ ಇರುವುದು ಲಾಭ. ಹಾಗೆ ಹಿಂದೆ ಇರುವುದನ್ನೂ ಅಭ್ಯಾಸ ಮಾಡಿಸಬೇಕು, ಅದು ತಾನಾಗಿ ಬರುವುದಿಲ್ಲ.

ನೂರು ಪುಟದ ನೋಟ್‌ಬುಕ್ಕಿಗಿಂತ ದೊಡ್ಡ ಸಲಕರಣೆ ನಮ್ಮ ಹತ್ತಿರ ಇಲ್ಲ. ಐದು ಕಾಲಂ: ದಿನಾಂಕ, ಸುತ್ತುಗಳ ಸಮಯ, ಎಷ್ಟು ತಾಸು ನಿದ್ದೆ, ಎದ್ದ ಕೂಡಲೇ ಹಾಸಿಗೆಯಲ್ಲೇ ಎಣಿಸಿದ ನಾಡಿ, ಎಲ್ಲಿ ನೋವು. ಬರೆಯುವವನು ಅವನು, ಓದುವವರು ನಾವು. ನಾಡಿ ಅವನ ವಾಡಿಕೆಗಿಂತ 8–10 ಹೆಚ್ಚಿದ್ದರೆ ಅವತ್ತು ಬಿರುಸಿನ ಓಟ ಇಲ್ಲ, ಸುಮ್ಮನೆ ನಡಿಗೆ. ನಿದ್ದೆಯ ಕಾಲಂನಲ್ಲಿ 4, 4, 5 ಎಂದು ಬಂದರೆ ಟ್ರ್ಯಾಕಿನ ಮೇಲೆ ಮಾಡುವ ಕೆಲಸ ಏನೂ ಉಳಿದಿಲ್ಲ. ಮಾತುಕತೆ ಲೈಬ್ರರಿಯ ವೇಳಾಪಟ್ಟಿಯ ಬಗ್ಗೆ ಆಗಬೇಕು. ಮಂಗಳವಾರ, ಶುಕ್ರವಾರ ಬಿರುಸಿನ ಓಟ ಇದ್ದರೆ ಸೋಮವಾರ, ಗುರುವಾರ ರಾತ್ರಿ ಹತ್ತಕ್ಕೆ ಪುಸ್ತಕ ಮುಚ್ಚಬೇಕು. ಓದಿನ ಟೆಸ್ಟ್ ಇರುವ ಭಾನುವಾರ ಓಟ ಬೇಡ. ಓದನ್ನು ಬಿಡು ಎನ್ನುವ ಕೋಚನ್ನು ಹುಡುಗ ಎರಡನೆಯ ವಾರಕ್ಕೇ ಬಿಡುತ್ತಾನೆ, ಅದು ಸರಿಯೇ.

ಎಲ್ಲಕ್ಕಿಂತ ಹೆಚ್ಚು ಹುಡುಗರನ್ನು ಕೆಡವುವುದು ಮೊಣಕಾಲಿನ ಕೆಳಗಿನ ಎಲುಬಿನ ನೋವು. ಊರಲ್ಲಿ ಎರೆಮಣ್ಣಿನ ಮೆತ್ತನೆಯ ಹೊಲದ ದಾರಿಯಲ್ಲಿ ಓಡಿದವರು ಇಲ್ಲಿ ಬಂದು ಏಕಾಏಕಿ ಡಾಂಬರು ರಸ್ತೆಯ ಮೇಲೆ ದಿನಾ ಓಡುತ್ತಾರೆ, ಮೂರು ವಾರಕ್ಕೆ ಹಿಡಿಯುತ್ತದೆ. 'ಕಾಲ ಬ್ಯಾನಿ ಆಗೇತ್ರಿ' ಎಂದು ಬಂದವನನ್ನು ಕೂರಿಸಿ ಎಲುಬಿನ ಒಳ ಅಂಚಿನ ಉದ್ದಕ್ಕೂ ಬೆರಳಿನಿಂದ ಒತ್ತಿ ನೋಡಬೇಕು. ನೋವು ಗೇಣುದ್ದ ಹರಡಿದ್ದರೆ ಓಟ ಅರ್ಧಕ್ಕೆ ಇಳಿಸಿ ಮಣ್ಣಿನ ನೆಲಕ್ಕೆ ಕಳಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ನೋವು ಒಂದೇ ಬೆರಳಗಲದ ಜಾಗದಲ್ಲಿ ಚುಚ್ಚಿ, ರಾತ್ರಿ ಮಲಗಿದಾಗಲೂ ಇದ್ದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಓಟ ಅಲ್ಲೇ ನಿಲ್ಲಬೇಕು, ಎಲುಬಿನ ಡಾಕ್ಟರ ಹತ್ತಿರ ಹೋಗಬೇಕು. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಆ ಬಿರುಕು ಕಾಣದೆಯೂ ಇರಬಹುದು. 'ಎಕ್ಸ್‌ರೇ ಚಲೋ ಐತ್ರಿ' ಎಂದು ಮರುದಿನ ಓಡಲು ಬಿಡಬಾರದು. ನೋವಿನ ಗುಳಿಗೆ ನುಂಗಿ ಓಡುವುದು ಇದೇ ಬಿರುಕನ್ನು ಮುರಿತಕ್ಕೆ ಒಯ್ಯುವ ದಾರಿ.

ಜಿಗಿತ, ಗುಂಡಿನ ಬಗ್ಗೆ ಎರಡೇ ಮಾತು. ಉದ್ದ ಜಿಗಿತದಲ್ಲಿ 3.80 ದೊಡ್ಡ ದೂರವಲ್ಲ, ಕಾಲು ಹಲಗೆ ದಾಟಿ ಫೌಲ್ ಆಗುವುದೇ ದೊಡ್ಡ ಕಾಟ. ಹಲಗೆಯ ಮೇಲಿಂದ ಉಲ್ಟಾ ಓಡಿಸಿ 13ನೆಯ ಹೆಜ್ಜೆ ಬಿದ್ದಲ್ಲಿ ಗುರುತು ಹಾಕಿ, ಟೇಪಿನಿಂದ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಯಾವ ಊರಿನ ಗ್ರೌಂಡಿನಲ್ಲೂ ಅದೇ ಅಳತೆ ಕೆಲಸಕ್ಕೆ ಬರುತ್ತದೆ. ಗುಂಡನ್ನು ಕ್ರಿಕೆಟ್ ಚೆಂಡಿನಂತೆ ಬೀಸಿದರೆ ಮೊಣಕೈ ಹೋಗುತ್ತದೆ. ಬೆರಳ ಬುಡದಲ್ಲಿ ಇಟ್ಟು, ಕುತ್ತಿಗೆಗೆ ತಾಗಿಸಿ, ಕಾಲಿನಿಂದ ದೂಡಬೇಕು.

ಇನ್ನೊಂದು, ಬಹಳ ಜನ ಮರೆಯುವುದು: ಪರೀಕ್ಷೆಯ ದಿನ ದಾಖಲೆ ನೋಡಿ, ಎತ್ತರ ಎದೆ ಅಳೆದು ಮುಗಿಸುವಷ್ಟರಲ್ಲಿ ಓಟದ ಸರದಿ ಹತ್ತು ಗಂಟೆಯ ಬಿಸಿಲಿಗೆ ಬರಬಹುದು. ದಿನಾ ನಸುಕಿನಲ್ಲೇ ಓಡಿದವನಿಗೆ ಅದು ಬೇರೆಯೇ ಓಟ. ಕೊನೆಯ ಆರು ವಾರದಲ್ಲಿ ವಾರಕ್ಕೊಮ್ಮೆ ಹತ್ತಕ್ಕೆ ಓಡಿಸಬೇಕು, ಒಂದೆರಡು ತಾಸು ಮೊದಲೇ ಹಗುರ ತಿಂಡಿ ಮುಗಿಸಿ. ಕೊನೆಯ ಹತ್ತು ದಿನ ಓಟ ಅರ್ಧಕ್ಕೆ ಇಳಿಯಬೇಕು, ಹೊಸ ಬೂಟು ಬೇಡ.

ಆ ದಿನ ಕೋಚನ್ನು ಗೇಟಿನ ಒಳಗೆ ಬಿಡುವುದಿಲ್ಲ. ಅದಕ್ಕೇ ಕೊನೆಯ ಎರಡು ವಾರ ಕೈಗಡಿಯಾರ ಬಿಚ್ಚಿಸಿ ಒಂದೊಂದೇ ಸುತ್ತು ಓಡಿಸುತ್ತೇವೆ, ಮುಗಿದ ಕೂಡಲೇ ಎಷ್ಟಾಯಿತೆಂದು ಅವನೇ ಹೇಳಬೇಕು. ಅಂದಾಜು ಎರಡು ಸೆಕೆಂಡಿನ ಒಳಗೆ ಬರುವ ತನಕ ಮನೆಗೆ ಹೋಗುವಂತಿಲ್ಲ.

'ತೊಂಬತ್ತೇಳು ಇರಬೇಕ್ರಿ.'

'ತೊಂಬತ್ತೊಂದು. ಎರಡು ನಿಮಿಷ ನಡಿ, ಇನ್ನೊಂದು ಸುತ್ತು.'