ಲಂಡನ್ನಿನ ಹಳೆಯ ಮನೆಗಳು: ವಾರದ ಲೆಕ್ಕ ಹಾಕಿ ಹೊರಡಿ

ಲಂಡನ್ನಿಗೆ ಹೊರಟವರು ದೊಡ್ಡ ಮ್ಯೂಸಿಯಂಗಳನ್ನು ಮೊದಲು ಗೊತ್ತುಮಾಡಿಕೊಂಡು, ಸಮಯ ಉಳಿದರೆ ಹಳೆಯ ಮನೆಗಳನ್ನೂ ನೋಡಿದರಾಯಿತು ಎಂದುಕೊಳ್ಳುವುದು ವಾಡಿಕೆ. ನನ್ನ ಅನುಭವದಲ್ಲಿ ಲೆಕ್ಕ ತಿರುಗುಮುರುಗಾಗಬೇಕು. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗಳು ವಾರದ ಏಳೂ ದಿನ ತೆರೆದಿರುತ್ತವೆ, ಅವುಗಳ ಕಾಯಂ ಸಂಗ್ರಹ ನೋಡಲು ಶುಲ್ಕವಿಲ್ಲ, ಮೇಲಾಗಿ ಶುಕ್ರವಾರ ರಾತ್ರಿಯವರೆಗೂ ಬಾಗಿಲು ಹಾಕುವುದಿಲ್ಲ. ಐತಿಹಾಸಿಕ ಮನೆಗಳಾದರೋ ವಾರದಲ್ಲಿ ಕೆಲವೇ ದಿನ ತೆರೆದು ಸಂಜೆ ಐದರ ಸುಮಾರಿಗೆ ಮುಚ್ಚುತ್ತವೆ. ಚಳಿಗಾಲದಲ್ಲಿ ಆ ದಿನಗಳೂ ಕಡಿಮೆಯಾಗುವುದುಂಟು. ಆದ್ದರಿಂದ ಮನೆಗಳ ದಿನಗಳನ್ನು ಮೊದಲು ಗುರುತು ಹಾಕಿಕೊಂಡು, ನಡುವಿನ ಬಿಡುವಿಗೆ ಮ್ಯೂಸಿಯಂಗಳನ್ನು ಹೊಂದಿಸಿಕೊಳ್ಳಿ.

ಒಂದೇ ಮನೆ ನೋಡಲು ಸಾಧ್ಯವೆಂದರೆ ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿರುವ ಸರ್ ಜಾನ್ ಸೋನ್ ಮ್ಯೂಸಿಯಂ ನೋಡಿ. ಬ್ಯಾಂಕ್ ಆಫ್ ಇಂಗ್ಲೆಂಡ್‌ನ ವಾಸ್ತುಶಿಲ್ಪಿಯಾಗಿದ್ದ ಸೋನ್, ತನ್ನ ಮನೆಯನ್ನು ಇದ್ದಂತೆಯೇ ಉಳಿಸಬೇಕೆಂದು 1833ರಲ್ಲಿ ಸಂಸತ್ತಿನಿಂದ ಕಾಯ್ದೆಯನ್ನೇ ಮಾಡಿಸಿದ. ನೆಲಮಾಳಿಗೆಯಲ್ಲಿ ಈಜಿಪ್ಟಿನ ದೊರೆ ಮೊದಲನೆಯ ಸೇತಿಯ ಕಲ್ಲಿನ ಶವಪೆಟ್ಟಿಗೆಯಿದೆ; ಬ್ರಿಟಿಷ್ ಮ್ಯೂಸಿಯಂ ಬೇಡವೆಂದ ಬಳಿಕ 1824ರಲ್ಲಿ ಆತ ಅದನ್ನು 2,000 ಪೌಂಡಿಗೆ ಕೊಂಡ. ಚಿತ್ರಗಳ ಕೋಣೆ ಇನ್ನೂ ಸೋಜಿಗ. ಒಂದು ಸಾಧಾರಣ ಮಲಗುವ ಕೋಣೆಯಷ್ಟು ಜಾಗದಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು ಹಿಡಿಸಿರುವುದು ಹೇಗೆಂದು ನೋಡುತ್ತಿರುವಾಗಲೇ ಸಿಬ್ಬಂದಿ ಗೋಡೆಯ ಹಲಗೆಯನ್ನು ಕಪಾಟಿನ ಬಾಗಿಲಿನಂತೆ ತೆರೆಯುತ್ತಾರೆ, ಅದರ ಹಿಂದೆ ಮತ್ತೊಂದು ಸಾಲು ಚಿತ್ರಗಳು ಕಾಣಿಸುತ್ತವೆ. ಹಲಗೆ ತೆರೆಯುವ ಹೊತ್ತನ್ನು ಬಾಗಿಲಲ್ಲಿಯೇ ಕೇಳಿಕೊಳ್ಳಿ. ಪ್ರವೇಶ ಉಚಿತ, ಸೋಮವಾರ, ಮಂಗಳವಾರ ರಜೆ. ಒಮ್ಮೆಗೆ ಕೆಲವರನ್ನಷ್ಟೇ ಬಿಡುವುದರಿಂದ ಬೆಳಿಗ್ಗೆಯೇ ಹೋಗುವುದು ಮೇಲು, ಬೆನ್ನಿಗೆ ದೊಡ್ಡ ಚೀಲವಂತೂ ಬೇಡ.

ಅಂಬೇಡ್ಕರ್ ಓದಿದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಅಲ್ಲಿಂದ ಕೆಲವೇ ಹೆಜ್ಜೆ. ಆಗ, ಅಂದರೆ 1921–22ರಲ್ಲಿ, ಅವರು ವಾಸವಿದ್ದ 10, ಕಿಂಗ್ ಹೆನ್ರೀಸ್ ರೋಡ್‌ನ ಮನೆ ಈಗ ಸ್ಮಾರಕವಾಗಿದೆ. ಚಾಕ್ ಫಾರ್ಮ್ ಟ್ಯೂಬ್ (ಸುರಂಗ ರೈಲು) ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವೇಶ್ವರರ ಪ್ರತಿಮೆಯನ್ನು ಕನ್ನಡಿಗರು ಹೇಗೂ ಬಿಡುವುದಿಲ್ಲ. ಅದಕ್ಕೆ ಟಿಕೆಟಿನ ಗೊಡವೆಯೂ ಇಲ್ಲ.

ಹೈಡ್ ಪಾರ್ಕ್ ಕಾರ್ನರ್‌ನ ಆಪ್ಸ್ಲಿ ಹೌಸ್ ಮತ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎರಡನ್ನೂ ನಾನು ಒಂದೇ ದಿನಕ್ಕೆ ಜೋಡಿಸಿಕೊಂಡೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆಗಿ ಬಾಳಿದ್ದು ಆಪ್ಸ್ಲಿ ಹೌಸಿನಲ್ಲಿ. ಅದೇ ಶ್ರೀರಂಗಪಟ್ಟಣದಿಂದ ಕೊಂಡೊಯ್ದ ಟಿಪ್ಪುವಿನ ಹುಲಿ ಇರುವುದು ಮ್ಯೂಸಿಯಮಿನಲ್ಲಿ. ಕೆಳಗೆ ಬಿದ್ದ ಯುರೋಪಿಯನ್ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿರುವ ಈ ಮರದ ಹುಲಿಯ ಪಕ್ಕೆಯಲ್ಲಿ ತಿರುಗಿಸುವ ಹಿಡಿಯೂ ಒಡಲಿನಲ್ಲಿ ಪುಟ್ಟ ಆರ್ಗನ್ ವಾದ್ಯವೂ ಇವೆ. ಹಿಡಿ ತಿರುಗಿಸಿದರೆ ಸಿಪಾಯಿಯ ಕೈ ಮೇಲೇಳುತ್ತದೆ, ಹುಲಿಯ ಗುರುಗುಟ್ಟುವಿಕೆಯೂ ಅವನ ನರಳಾಟವೂ ಕೇಳುತ್ತವೆ. ಈಗ ಅದು ಗಾಜಿನೊಳಗಿದೆ, ಮುಟ್ಟುವಂತಿಲ್ಲ. ನವೀಕರಣಕ್ಕಾಗಿ ಗ್ಯಾಲರಿಗಳನ್ನು ಮುಚ್ಚುವುದುಂಟಾದ್ದರಿಂದ ಹುಲಿ ಪ್ರದರ್ಶನದಲ್ಲಿದೆಯೇ ಎಂದು ಮ್ಯೂಸಿಯಮಿನ ಜಾಲತಾಣದಲ್ಲಿ ಖಚಿತಪಡಿಸಿಕೊಂಡೇ ಹೊರಡಿ.

ನಗರದ ಹೊರವಲಯದಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಒಂದು ಪೂರ್ತಿ ದಿನ ಬೇಕು. ವಾಟರ್‌ಲೂ ನಿಲ್ದಾಣದಿಂದ ನೇರ ರೈಲಿದ್ದು, ಅರ್ಧ ಗಂಟೆಗಿಂತ ತುಸು ಹೆಚ್ಚಿನ ಪ್ರಯಾಣ. ಇಳಿದು ಸೇತುವೆ ದಾಟಿದರೆ ಅರಮನೆ. ಎಂಟನೆಯ ಹೆನ್ರಿಯ ಅಡುಗೆಮನೆಗಳನ್ನು ಮೊದಲು ನೋಡಿ ಮುಗಿಸಿ, ಉದ್ಯಾನವನ್ನೂ ಪೊದೆಬೇಲಿಯ ಚಕ್ರವ್ಯೂಹವನ್ನೂ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದು. ಈ ಅರಮನೆ, ಟವರ್ ಆಫ್ ಲಂಡನ್, ಕೆನ್ಸಿಂಗ್ಟನ್ ಅರಮನೆಗಳನ್ನು ಒಂದೇ ಸಂಸ್ಥೆ ನಡೆಸುವುದರಿಂದ, ಮೂರನ್ನೂ ನೋಡುವವರು ಬಿಡಿ ಟಿಕೆಟುಗಳ ಮೊತ್ತವನ್ನು ವಾರ್ಷಿಕ ಸದಸ್ಯತ್ವದ ದರದೊಡನೆ ಹೋಲಿಸಿ ನೋಡಬೇಕು. ವಿಂಡ್ಸರ್ ಕೋಟೆ ಇದರಲ್ಲಿ ಸೇರುವುದಿಲ್ಲ, ಸಾಮಾನ್ಯವಾಗಿ ಅದು ಮಂಗಳವಾರ, ಬುಧವಾರ ತೆರೆಯುವುದೂ ಇಲ್ಲ.

ಟ್ಯೂಬ್, ಬಸ್ಸುಗಳಲ್ಲಿ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ತೋರಿಸಿ ಓಡಾಡಬಹುದು. ಪ್ರಯಾಣದರಕ್ಕೆ ದಿನದ ಗರಿಷ್ಠ ಮಿತಿಯಿದ್ದು, ಅದನ್ನು ಮುಟ್ಟಿದ ಮೇಲೆ ಆ ದಿನ ಮತ್ತೆ ಹಣ ಕಡಿತವಾಗುವುದಿಲ್ಲ. ಆದರೆ ಒಂದು ಕಾರ್ಡಿನಲ್ಲಿ ಒಬ್ಬರೇ ಪ್ರಯಾಣಿಸಬೇಕಾದ್ದರಿಂದ, ದಂಪತಿಗಳು ಎರಡು ಕಾರ್ಡುಗಳನ್ನು ಊರಿನಿಂದಲೇ ಮಾಡಿಸಿಕೊಂಡು ಹೋಗುವುದು ಒಳ್ಳೆಯದು.